ಸುಮ್ಮನೆ ನಿಂತರೆ ತಪ್ಪೇನು?



ಎರಡು ಹಾಡುಗಳ ನಡುವೆ ಹೇಳಿ ಮುಗಿಸಲಾಗದ ವಿಷಯಗಳನ್ನು ಈ ಪುಟಗಳಿಗೆ ಎತ್ತಿಡುವುದು ನಮ್ಮ ರೂಢಿ. ಈ ಸಲದ ವಿಷಯವೂ ಅಂಥದ್ದೇ.

ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡುವವರಲ್ಲಿ ಹೋಟೆಲಿನಲ್ಲಿ ದುಡಿಯುವ ಹುಡುಗರು ಬಹಳ. ಅವರ ದಿನ ಮುಗಿಯುವುದೇ ಊರೆಲ್ಲ ಮಲಗುವ ಹೊತ್ತಿಗೆ. ಶಟರ್ ಎಳೆದು, ನೆಲ ತೊಳೆದು, ಹೊರಗೆ ಬಂದು ಐದು ನಿಮಿಷ ಗಾಳಿಗೆ ನಿಂತರೆ ಬೀಟ್ ಮೇಲಿನ ಪೊಲೀಸರು ಬಂದು "ಇಥೆ ಕಾಯ್ ಕರತೋಸ್?" ಎಂದು ಕೇಳುತ್ತಾರೆ. ಇಲ್ಲಿ ಏನು ಮಾಡ್ತಾ ಇದ್ದೀಯ? "ಏನೂ ಇಲ್ಲ ಸಾಹೇಬ್ರೇ, ಸುಮ್ಮನೆ ನಿಂತಿದ್ದೀನಿ" ಎನ್ನುವುದು ನಿಜವಾದ ಉತ್ತರ. ತಮಾಷೆ ನೋಡಿ, ಆ ನಿಜವಾದ ಉತ್ತರವೇ ಹೆಚ್ಚಿನ ಅನುಮಾನಕ್ಕೆ ದಾರಿ!

ಹಾಗಾದರೆ ರಸ್ತೆ ಬದಿಯಲ್ಲೋ ಸಮುದ್ರದ ಕಟ್ಟೆಯ ಮೇಲೋ ಯಾವ ಕೆಲಸವೂ ಇಲ್ಲದೆ ನಿಲ್ಲುವುದು, ಕೂರುವುದು ಅಪರಾಧವೇ? ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲ್ಲ. ಬರೀ ನಿಂತದ್ದಕ್ಕೆ, ಬರೀ ಕೂತದ್ದಕ್ಕೆ ಶಿಕ್ಷೆ ಕೊಡುವ ಸಾಮಾನ್ಯ ಕಾನೂನು ಮುಂಬಯಿಯಲ್ಲಿ ಇಲ್ಲ. ಆದರೆ ನಿಂತವನನ್ನು ಎಬ್ಬಿಸಿ ಕಳಿಸಲು, ಠಾಣೆಗೆ ಕರೆದೊಯ್ಯಲು ಬಳಕೆಯಾಗುವ ನಿಯಮಗಳು ಸಾಕಷ್ಟಿವೆ. ಅವುಗಳಲ್ಲಿ ನಿಜವಾಗಿ ಏನು ಬರೆದಿದೆ ಎಂದು ತಿಳಿದಿದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಕಟ್ಟೆಯಿಂದ ಫುಟ್‌ಪಾತಿಗೆ

ನಮ್ಮ ಭಾಷೆಯಲ್ಲಿ ಈ ಕೆಲಸವಿಲ್ಲದ ಕೆಲಸಕ್ಕೆ ಎಷ್ಟೊಂದು ಮಾತುಗಳಿವೆ! ಅಡ್ಡಾಡುವುದು, ಸುತ್ತಾಡುವುದು, ತಿರುಗುವುದು, ಠಳಾಯಿಸುವುದು. ಧಾರವಾಡದ ಕಡೆಯವರು 'ಅಡ್ಯಾಡಿ ಬರೋಣು' ಅಂದರೆ ಅದರಲ್ಲಿ ಪ್ರೀತಿಯಿದೆ. 'ಬೀದಿ ಸುತ್ತುತ್ತಾನೆ' ಅಂದರೆ ಬೈಗುಳ. ಕೆಲಸ ಒಂದೇ, ಮಾಡುವವರು ಯಾರು ಎಂಬುದರ ಮೇಲೆ ಮಾತು ಬದಲಾಗುತ್ತದೆ. ಈ ಗುಟ್ಟು ಕಾನೂನಿಗೂ ಗೊತ್ತಿದೆ, ಮುಂದೆ ನೋಡುತ್ತೀರಿ.

ಊರಲ್ಲಿ ಅರಳಿಕಟ್ಟೆ ಇತ್ತು. ಅಲ್ಲಿ ಕೂತವರನ್ನು "ಯಾಕೆ ಕೂತೆ" ಎಂದು ಯಾರೂ ಕೇಳುತ್ತಿರಲಿಲ್ಲ. ಮಳೆಯ ಲೆಕ್ಕ, ಮದುವೆಯ ಮಾತು, ಊರ ಜಗಳ ಎಲ್ಲವೂ ಅಲ್ಲೇ. ಹಾಗಂತ ಕಟ್ಟೆ ಎಲ್ಲರದೂ ಆಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ, ಕೆಳಜಾತಿಯವರೆನಿಸಿಕೊಂಡವರು ದೂರ ನಿಲ್ಲಬೇಕಿತ್ತು. ಮಹಾನಗರಕ್ಕೆ ಬಂದಾಗ ಕಟ್ಟೆ ಹೋಯಿತು, ಫುಟ್‌ಪಾತ್ ಬಂತು. ಆದರೆ ಯಾರು ಕೂರಬಹುದು, ಯಾರು ಏಳಬೇಕು ಎಂಬ ಹಳೆಯ ಪ್ರಶ್ನೆ ಹಾಗೇ ಉಳಿಯಿತು.

ಪುಸ್ತಕದಲ್ಲಿ ಏನು ಬರೆದಿದೆ?

ಮುಂಬಯಿ, ಪುಣೆ ಸೇರಿ ಇಡೀ ಮಹಾರಾಷ್ಟ್ರದಲ್ಲಿ ಇದಕ್ಕೆ ಮುಖ್ಯ ಆಧಾರ 1951ರ ಬಾಂಬೆ ಪೊಲೀಸ್ ಕಾಯ್ದೆ. ಈಗ ಅದರ ಹೆಸರು ಮಹಾರಾಷ್ಟ್ರ ಪೊಲೀಸ್ ಕಾಯ್ದೆ. ಇದನ್ನೂ ಇತರ ಕಾನೂನುಗಳನ್ನೂ ಸೇರಿಸಿ ನೋಡಿದರೆ ನಿಯಮಗಳು ಐದು ಬಗೆ.

ಮೊದಲನೆಯದು ನಡತೆ. ಕಾಯ್ದೆಯ 110ನೇ ಕಲಂ ಪ್ರಕಾರ ಬೀದಿಯಲ್ಲಿ ಅಸಭ್ಯವಾಗಿ ನಡೆದುಕೊಳ್ಳುವುದು, ಅಸಭ್ಯ ಮಾತಾಡುವುದು, ಗಲಾಟೆ ಮಾಡುವುದು ತಪ್ಪು. ದಂಡ 1,200 ರೂಪಾಯಿವರೆಗೆ. ಮರೀನ್ ಡ್ರೈವಿನಲ್ಲೋ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿನಲ್ಲೋ ಕೂತ ಜೋಡಿಗಳಿಗೆ ತೋರಿಸುವ ಕಲಂ ಸಾಮಾನ್ಯವಾಗಿ ಇದೇ. ಇದರಲ್ಲಿ 'ಕೂರಬಾರದು' ಎಂದಿಲ್ಲ. 'ಅಸಭ್ಯ' ಎಂದಿದೆ. ಆದರೆ ಯಾವುದು ಅಸಭ್ಯ? ಅದನ್ನು ಕಲಂ ಬಿಡಿಸಿ ಹೇಳುವುದಿಲ್ಲ. 2015ರ ಆಗಸ್ಟಿನಲ್ಲಿ ಮಢ್ ಮತ್ತು ಅಕ್ಸಾ ಕಡೆಯ ಹೋಟೆಲುಗಳ ಮೇಲೆ ಪೊಲೀಸರು ದಾಳಿ ಮಾಡಿ ಹತ್ತಾರು ಜೋಡಿಗಳನ್ನು ಹಿಡಿದಾಗ, ಬಾಗಿಲು ಹಾಕಿದ ಕೋಣೆಯೊಳಗಿದ್ದವರ ಮೇಲೂ ಇದೇ ಕಲಂ ಹಾಕಿದ್ದರು! ದೊಡ್ಡ ಗದ್ದಲವಾಗಿ ಆಗಿನ ಪೊಲೀಸ್ ಕಮಿಷನರರು ವಿಚಾರಣೆಗೆ ಆದೇಶಿಸಬೇಕಾಯಿತು.

ಎರಡನೆಯದು ಹೊತ್ತು. 122ನೇ ಕಲಂ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಮಾತು. ಬೀದಿಯಲ್ಲೋ ಅಂಗಳದಲ್ಲೋ ಮಲಗಿರುವವರು, ಠಳಾಯಿಸುವವರು ಇದರಲ್ಲಿ ಬರುತ್ತಾರೆ. ಆದರೆ ಗಮನಿಸಿ, ಆ ವ್ಯಕ್ತಿ ಕಳ್ಳನೆಂದು ಹೆಸರಾದವನಾಗಿರಬೇಕು ಮತ್ತು ತಾನು ಅಲ್ಲಿರುವುದಕ್ಕೆ ಸಮಾಧಾನಕರ ವಿವರಣೆ ಕೊಡಲಾಗದವನಾಗಿರಬೇಕು. ಎರಡೂ ಬೇಕು. ರಾತ್ರಿ ಒಂದು ಗಂಟೆಗೆ ಡ್ಯೂಟಿ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತ ಸಪ್ಲೈಯರ್ ಹುಡುಗನಿಗೆ ಇದು ಅನ್ವಯಿಸುವುದಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇದೇ ಧಾಟಿಯ ಕಲಂ ಇದೆ.

ಮೂರನೆಯದು ಗುಂಪು. ಐದು ಅಥವಾ ಹೆಚ್ಚು ಜನ ಸೇರಬಾರದೆಂಬ ಆದೇಶಗಳ ಸುದ್ದಿ ಪತ್ರಿಕೆಯಲ್ಲಿ ಓದಿರುತ್ತೀರಿ. ಜನರ ಬಾಯಲ್ಲಿ ಅದು '144 ಹಾಕಿದ್ದಾರೆ'. ಆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಈ ಅಧಿಕಾರ ಇರುವುದು 163ನೇ ಕಲಮಿನಲ್ಲಿ. ಮುಂಬಯಿಯಲ್ಲಿ ಪೊಲೀಸ್ ಕಾಯ್ದೆಯ 37ನೇ ಕಲಮಿನ ಅಡಿಯಲ್ಲೂ ಇಂಥ ಆದೇಶ ಹೊರಡುತ್ತದೆ. ರಾಜ್ಯ ಸರ್ಕಾರದ ಒಪ್ಪಿಗೆಯಿಲ್ಲದೆ ಅದು 15 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಅಂದರೆ ಇದು ಕಾಯಂ ನಿಯಮವಲ್ಲ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದ ಆದೇಶ. ಒಬ್ಬರೇ ನಿಂತಿದ್ದರೆ ಐದು ಜನರ ಗುಂಪಿನ ಮಾತೇ ಬರುವುದಿಲ್ಲ.

ನಾಲ್ಕನೆಯದು ಬಡತನ. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ ಭಿಕ್ಷೆ ಎಂಬ ಪದಕ್ಕೆ ಕೊಡುವ ಅರ್ಥ ಬಹಳ ಅಗಲ. ಕೈ ಚಾಚದೇ ಇದ್ದರೂ, ಹೊಟ್ಟೆಪಾಡಿಗೆ ಕಣ್ಣಿಗೆ ಕಾಣುವ ದಾರಿ ಇಲ್ಲದೆ, ಭಿಕ್ಷೆಯಿಂದಲೇ ಬದುಕುತ್ತಿರಬಹುದು ಎನಿಸುವ ಸ್ಥಿತಿಯಲ್ಲಿ ಸಾರ್ವಜನಿಕ ಜಾಗದಲ್ಲಿ ಅಲೆದರೆ, ನಿಂತರೆ ಅದೂ ಭಿಕ್ಷೆಯೇ! ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಭಿಕ್ಷುಕರ ಗೃಹದಲ್ಲಿ ಇರಿಸಬಹುದು. ಈ ಕಾಯ್ದೆ ದೆಹಲಿಗೂ ವಿಸ್ತರಣೆಯಾಗಿತ್ತು. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್ ಭಿಕ್ಷೆಯನ್ನು ಅಪರಾಧ ಮಾಡುವ ಕಲಮುಗಳು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಬಲವಂತವಾಗಿ ಭಿಕ್ಷೆ ಬೇಡಿಸುವವರಿಗೆ ಶಿಕ್ಷೆ ಕೊಡುವ ಕಲಂ ಮಾತ್ರ ಉಳಿಯಿತು. ಆದರೆ ಆ ತೀರ್ಪು ದೆಹಲಿಗೆ ಸಂಬಂಧಿಸಿದ್ದು. 2021ರ ಜುಲೈಯಲ್ಲಿ, ಕೋವಿಡ್ ಕಾರಣಕ್ಕೆ ಭಿಕ್ಷುಕರನ್ನು ರಸ್ತೆಗಳಿಂದ ತೆರವು ಮಾಡಿ ಎಂದು ಕೇಳಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದ ಬಡತನವೇ ಅವರನ್ನು ಬೀದಿಗೆ ತರುತ್ತದೆ ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ಐದನೆಯದು ಜಾಗ. ಉದ್ಯಾನಕ್ಕೆ ಬಾಗಿಲು ಹಾಕುವ ಹೊತ್ತಿದೆ, ರೈಲ್ವೆ ಪ್ಲಾಟ್‌ಫಾರಂಗೆ ಟಿಕೆಟ್ ಬೇಕು, ಮೆಟ್ರೋ ನಿಲ್ದಾಣದೊಳಗೆ ಟಿಕೆಟ್ ಹಿಡಿದು ಎಷ್ಟು ಹೊತ್ತು ಇರಬಹುದೆಂಬ ಲೆಕ್ಕವಿದೆ. ಮಾಲ್ ಖಾಸಗಿ ಆಸ್ತಿ, ಅಲ್ಲಿ ಮಾಲೀಕರ ನಿಯಮ. ಇವುಗಳ ಬಗ್ಗೆ ತಕರಾರು ಕಡಿಮೆ, ಏಕೆಂದರೆ ನಿಯಮ ಬೋರ್ಡಿನ ಮೇಲೆ ಬರೆದಿರುತ್ತದೆ ಮತ್ತು ಎಲ್ಲರಿಗೂ ಒಂದೇ ಇರುತ್ತದೆ. ಆದರೆ ಸಾರ್ವಜನಿಕ ರಸ್ತೆ, ಫುಟ್‌ಪಾತ್, ಸಮುದ್ರದ ದಂಡೆಯ ವಿಷಯ ಬೇರೆ. ಅಲ್ಲಿ ಓಡಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಅದಕ್ಕೆ ಮಿತಿ ಹಾಕಬಹುದು, ಆದರೆ ಕಾನೂನಿನ ಮೂಲಕ, ಯೋಗ್ಯ ಕಾರಣಕ್ಕೆ.

ಬೇರೆ ನಗರಗಳಲ್ಲಿರುವ ಕೇಳುಗರಿಗೆ ಒಂದು ಮಾತು. ಚೆನ್ನೈಯಲ್ಲಿ 1888ರ ನಗರ ಪೊಲೀಸ್ ಕಾಯ್ದೆ, ಹೈದರಾಬಾದಿನಲ್ಲಿ ನಿಜಾಮರ ಕಾಲದ 1348 ಫಸಲಿಯ ನಗರ ಪೊಲೀಸ್ ಕಾಯ್ದೆ, ದೆಹಲಿಯಲ್ಲಿ 1978ರ ಪೊಲೀಸ್ ಕಾಯ್ದೆ. ಕಲಮುಗಳ ಸಂಖ್ಯೆ ಬೇರೆಯಾದೀತು. ಆದರೆ ನಡತೆ, ಹೊತ್ತು, ಗುಂಪು, ಬಡತನ, ಜಾಗ ಎಂಬ ಐದು ಪ್ರಶ್ನೆಗಳನ್ನು ಅಲ್ಲೂ ಕೇಳಿ ನೋಡಬಹುದು.

'ಲೋಫರ್' ಎಲ್ಲಿಂದ ಬಂದ?

ಸುಮ್ಮನೆ ನಿಂತವನನ್ನು ಅನುಮಾನಿಸುವ ಈ ಬುದ್ಧಿ ನಮ್ಮ ಕಾನೂನಿಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1824ರಲ್ಲಿ ಅಲೆಮಾರಿಗಳ ಮೇಲೆ ಒಂದು ಕಾಯ್ದೆ ಬಂತು. ನೆಪೋಲಿಯನ್ ಯುದ್ಧಗಳು ಮುಗಿದ ಮೇಲಿನ ವರ್ಷಗಳವು. ಕೆಲಸವಿಲ್ಲದ ಸೈನಿಕರು, ಬಡವರು ಬೀದಿಗಳಲ್ಲಿ ತುಂಬಿದ್ದರು. ಆ ಕಾಯ್ದೆಯಲ್ಲಿದ್ದ 'ಅನುಮಾನಾಸ್ಪದ ವ್ಯಕ್ತಿ' ಎಂಬ ಭಾಗವನ್ನು ಲಂಡನ್ನಿನ ಪೊಲೀಸರು ಕಪ್ಪು ವರ್ಣದ ಯುವಕರ ಮೇಲೆ ಯದ್ವಾತದ್ವಾ ಬಳಸುತ್ತಾರೆಂಬ ಆಕ್ರೋಶ ಬೆಳೆದು, 1981ರಲ್ಲಿ ಅದನ್ನು ತೆಗೆದುಹಾಕಿದರು.

ಭಾರತದಲ್ಲಿ ಬ್ರಿಟಿಷರಿಗೆ ಮೊದಲು ನಾಚಿಕೆ ತಂದದ್ದು ತಮ್ಮದೇ ಜನ! ಹಡಗಿನ ಕೆಲಸ ಬಿಟ್ಟವರು, ನೌಕರಿ ಕಳಕೊಂಡವರು, ಕುಡಿದು ಬೀದಿಗೆ ಬಿದ್ದ ಬಿಳಿಯರು. ಅವರನ್ನು ಆಗಿನ ಆಂಗ್ಲರು ಕರೆಯುತ್ತಿದ್ದದ್ದು 'ಲೋಫರ್' ಎಂದು. ಅವರಿಗಾಗಿಯೇ 1874ರಲ್ಲಿ ಯುರೋಪಿಯನ್ ಅಲೆಮಾರಿಗಳ ಕಾಯ್ದೆ ಮಾಡಿ, ಹಿಡಿದು ದುಡಿಮೆಮನೆಗೆ ಹಾಕುವ, ಹಡಗು ಹತ್ತಿಸಿ ಕಳಿಸುವ ವ್ಯವಸ್ಥೆ ಮಾಡಿದರು. ಇವತ್ತು ನಮ್ಮ ಅಜ್ಜಿಯರು ಮೊಮ್ಮಗನಿಗೆ "ಲೋಫರ್ ಹಾಗೆ ತಿರುಗಬೇಡ" ಎಂದು ಬೈಯುವಾಗ ಆ ಪದ ಎಲ್ಲೆಲ್ಲಿ ಸುತ್ತಿ ಬಂದಿದೆ ನೋಡಿ!

ಇಲ್ಲಿಯ ಜನರ ಪಾಲಿಗೆ ಬಂದದ್ದು ಇನ್ನೂ ಕ್ರೂರ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಬರೆಯಿತು. ಊರೂರು ಅಲೆದು ಬದುಕುವುದೇ ಅವರಲ್ಲಿ ಅನೇಕರ ಕಸುಬಾಗಿತ್ತು. 1952ರಲ್ಲಿ ಆ ಕಾಯ್ದೆ ಹೋಯಿತು. ಆದರೆ ಅನುಮಾನ ಹೋಗಲಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ತೀರ್ಪು ಕೊಡುವಾಗ, ಈ ಸಮುದಾಯಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಸೂಚಿಸಬೇಕಾಯಿತು. ಅಂದರೆ 72 ವರ್ಷಗಳ ನಂತರವೂ ಹೇಳಬೇಕಾಯಿತು!

1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಹೊಟ್ಟೆಪಾಡಿಗೆ ಕಾಣುವ ದಾರಿಯಿಲ್ಲದವನಿಂದ ಒಳ್ಳೆಯ ನಡತೆಗೆ ಜಾಮೀನು ಕೇಳುವ ಅವಕಾಶವಿತ್ತು. 1973ರ ಸಂಹಿತೆ ಅದನ್ನು ಕೈಬಿಟ್ಟಿತು. ಅಪರಾಧ ಮಾಡುವ ಉದ್ದೇಶದಿಂದ ಅಡಗಿರುವವನ ಬಗ್ಗೆ ಮಾತ್ರ ಉಳಿಸಿಕೊಂಡಿತು. 2023ರ ಹೊಸ ಸಂಹಿತೆಯ 128ನೇ ಕಲಮಿನಲ್ಲೂ ಹಾಗೇ ಇದೆ. ಅಂದರೆ ಕೆಲಸವಿಲ್ಲದೆ ಇರುವುದು ಅನುಮಾನಕ್ಕೆ ಕಾರಣವಲ್ಲ ಎಂಬುದನ್ನು ಸಂಹಿತೆಯೇ 50 ವರ್ಷಗಳ ಹಿಂದೆ ಒಪ್ಪಿಕೊಂಡಾಗಿದೆ.

ಕಾರಣ ಕೇಳುವುದು ಯಾರನ್ನು?

ಹಳೆಯ ಹಿಂದಿ ಹಾಡು ಕೇಳುವವರಿಗೆ ರಾಜ್ ಕಪೂರರ 'ಆವಾರಾ' ಬಂದ ವರ್ಷ ನೆನಪಿರಬಹುದು, 1951. ಬಾಂಬೆ ಪೊಲೀಸ್ ಕಾಯ್ದೆಯ ವರ್ಷವೂ ಅದೇ! ಬೀದಿ ಸುತ್ತುವವನನ್ನು ಪರದೆಯ ಮೇಲೆ ಜನ ಮುದ್ದಿಸಿದರು, ಕಾಯ್ದೆ ಅವನನ್ನು ಕಣ್ಣಿಟ್ಟು ನೋಡಿತು. ತೆಳ್ಳಗೆ ಶರ್ಟು ಇಸ್ತ್ರಿ ಮಾಡಿಕೊಂಡು ಸಮುದ್ರದ ಬಳಿ ನಿಂತವರು 'ಗಾಳಿ ಸೇವನೆಗೆ' ಬಂದವರು. ಎಣ್ಣೆ ಕಲೆಯ ಬನಿಯನ್ನಿನಲ್ಲಿ ಅದೇ ಜಾಗದಲ್ಲಿ ನಿಂತವನು ಅನುಮಾನಾಸ್ಪದ ವ್ಯಕ್ತಿ. 2020ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬಯಿಯ ಕೆಲವು ಕಡೆ ಮಾಲು, ಅಂಗಡಿ, ಹೋಟೆಲುಗಳು 24 ಗಂಟೆ ತೆರೆದಿರಲು ಒಪ್ಪಿತು. ರಾತ್ರಿ ಖರೀದಿ ಮಾಡುವವರಿಗೆ ಸ್ವಾಗತ ಸಿಕ್ಕಿತು. ಅವರಿಗೆ ಬಡಿಸಿ ಮನೆಗೆ ಹೊರಟವರಿಗೂ ಅದು ಸಿಗಬೇಡವೇ?

ಬೆಂಗಳೂರಿನ ಒಂದು ಘಟನೆ ಬಹಳ ಸುದ್ದಿಯಾಯಿತು. 2022ರ ಡಿಸೆಂಬರಿನಲ್ಲಿ, ನಡುರಾತ್ರಿ ಕಳೆದ ಮೇಲೆ ಸಮಾರಂಭವೊಂದರಿಂದ ಮನೆಗೆ ನಡೆದು ಬರುತ್ತಿದ್ದ ಗಂಡ ಹೆಂಡತಿಯನ್ನು ಗಸ್ತಿನ ಇಬ್ಬರು ಪೊಲೀಸರು ನಿಲ್ಲಿಸಿದರು. ರಾತ್ರಿ 11ರ ನಂತರ ರಸ್ತೆಯಲ್ಲಿ ಓಡಾಡಬಾರದು ಎಂಬ ನಿಯಮವಿದೆ ಎಂದರು. ಮೂರು ಸಾವಿರ ಕೇಳಿ, ಕೊನೆಗೆ ಒಂದು ಸಾವಿರ ರೂಪಾಯಿ ಮೊಬೈಲಿನಲ್ಲಿ ಹಾಕಿಸಿಕೊಂಡರು. ಅಂಥ ನಿಯಮವೇ ಇರಲಿಲ್ಲ! ದೂರು ಬಂದ ಕೂಡಲೇ ಇಲಾಖೆ ಇಬ್ಬರನ್ನೂ ಅಮಾನತು ಮಾಡಿತು. ಓದು ಬಲ್ಲ, ಮೊಬೈಲ್ ಕೈಯಲ್ಲಿರುವ ದಂಪತಿ ದೂರು ಕೊಟ್ಟರು, ನ್ಯಾಯ ಸಿಕ್ಕಿತು. ನಿನ್ನೆ ಮೊನ್ನೆ ಊರಿಂದ ಬಂದ, ಭಾಷೆಯೂ ಬಾರದ ಹುಡುಗ ಏನು ಮಾಡಿಯಾನು?

ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೇ 36ಎ ಎಂಬ ಕಲಮೊಂದು ಲಿಂಗತ್ವ ಅಲ್ಪಸಂಖ್ಯಾತರನ್ನು ಹೆಸರು ಹಿಡಿದು ಗುರಿ ಮಾಡಿತ್ತು. ಅವರ ಪಟ್ಟಿ ಇಡಲು, ಅವರ ಚಟುವಟಿಕೆ ನಿಯಂತ್ರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಪದವನ್ನು ತೆಗೆದು ತಿದ್ದುಪಡಿ ಮಾಡಿದರು.

ಹೆಂಗಸರ ಮಾತು ಇನ್ನೊಂದು ಬಗೆ. ಅವರನ್ನು ತಡೆಯಲು ಕಲಂ ಕೂಡ ಬೇಕಿಲ್ಲ, ಜನರ ನೋಟವೇ ಸಾಕು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ ಮುಂಬಯಿಯ ಬೀದಿಗಳ ಬಗ್ಗೆ 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕ ತಂದರು. ನಗರದಲ್ಲಿ ಹೆಣ್ಣು ಹೊರಗೆ ಬರಬಹುದು, ಆದರೆ ತನಗೆ ಕೆಲಸವಿದೆ ಎಂದು ಸದಾ ತೋರಿಸಿಕೊಳ್ಳಬೇಕು ಎನ್ನುತ್ತಾರೆ ಅವರು. ಕೈಯಲ್ಲಿ ಚೀಲ, ಬಿರುಸು ನಡಿಗೆ, ಕಿವಿಗೆ ಫೋನು. ಕೇಳುಗ ಅಕ್ಕ ತಂಗಿಯರೇ, ನೀವೇ ನೆನಪಿಸಿಕೊಳ್ಳಿ, ಬಸ್ಸಿಗೆ ಕಾಯುವ ನೆಪವಿಲ್ಲದೆ ಬೀದಿ ಬದಿಯಲ್ಲಿ ಹತ್ತು ನಿಮಿಷ ಯಾವಾಗ ನಿಂತಿದ್ದಿರಿ? ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ 'ಬ್ಲ್ಯಾಂಕ್ ನಾಯ್ಸ್' ಬಳಗವಂತೂ ಹೆಂಗಸರು ಹಾಡಹಗಲು ಪಾರ್ಕಿನ ಹುಲ್ಲಿನ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡುವ ಕಾರ್ಯಕ್ರಮವನ್ನೇ ನಡೆಸಿತು!

ಹಾಗಾದರೆ ನಿಯಮವೇ ಬೇಡವೇ?

ಬೇಕು. ಕಾಲೇಜಿನ ಗೇಟಿನ ಎದುರು ನಿಂತು ಹುಡುಗಿಯರನ್ನು ಕಾಡುವವರು, ಕಟ್ಟಡದ ಕೆಳಗೆ ಕುಡಿದು ಬಾಟಲಿ ಒಡೆಯುವವರು, ಎಟಿಎಂ ಬಳಿ ಹೊಂಚು ಹಾಕುವವರು ಇದ್ದಾರೆ. ಎರಡನೇ ಮಹಡಿಯಲ್ಲಿ ಮಲಗಿದ ಮುದುಕರಿಗೂ ನಿದ್ದೆ ಬೇಕು. ಹೈದರಾಬಾದಿನ ಹಳೆ ನಗರದಲ್ಲಿ ತಡರಾತ್ರಿ ಜಗಲಿಗಳ ಮೇಲೆ ಕೂತ ಹುಡುಗರನ್ನು ಠಾಣೆಗೆ ಕರೆದೊಯ್ದು, ತಂದೆತಾಯಿಯರನ್ನು ಕರೆಸಿ ಬುದ್ಧಿ ಹೇಳಿ ಕಳಿಸುವ 'ಆಪರೇಷನ್ ಚಬೂತ್ರಾ' ಹಲವು ಬಾರಿ ನಡೆದಿದೆ. ಅದನ್ನು ಮೆಚ್ಚಿದ ತಾಯಂದಿರೂ ಇದ್ದಾರೆ. ತಪ್ಪೇ ಮಾಡದ ಹುಡುಗರನ್ನು ಯಾವ ಕಲಮಿನಡಿ ಕರೆದೊಯ್ದಿರಿ ಎಂದು ಕೇಳಿದವರೂ ಇದ್ದಾರೆ.

ಕಾಡುವುದು, ಗಲಾಟೆ, ಕಳ್ಳತನದ ಹೊಂಚು, ಇವೆಲ್ಲ ಕೆಲಸಗಳು. ಇವಕ್ಕೆ ಕಾನೂನಿದೆ, ಇರಲಿ. ನಿಲ್ಲುವುದನ್ನೇ ತಪ್ಪು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಶಿಕಾಗೋ ನಗರದ ಉದಾಹರಣೆಯಿದೆ. ರೌಡಿ ಗುಂಪುಗಳ ಕಾಟಕ್ಕೆ ಬೇಸತ್ತ ಆ ನಗರ 1992ರಲ್ಲಿ ಒಂದು ನಿಯಮ ತಂದಿತು. ಹೊರನೋಟಕ್ಕೆ ಕಾರಣ ಕಾಣದಂತೆ ಒಂದೇ ಕಡೆ ನಿಂತ ಗುಂಪಿನಲ್ಲಿ ಒಬ್ಬ ರೌಡಿ ಇದ್ದಾನೆಂದು ಪೊಲೀಸರಿಗೆ ಅನಿಸಿದರೆ ಎಲ್ಲರನ್ನೂ ಚದುರಿಸಬಹುದು, ಹೋಗದವರನ್ನು ಬಂಧಿಸಬಹುದು. ಮೂರು ವರ್ಷಗಳಲ್ಲಿ 89,000ಕ್ಕೂ ಹೆಚ್ಚು ಚದುರಿಸುವ ಆದೇಶಗಳು, 42,000ಕ್ಕೂ ಹೆಚ್ಚು ಬಂಧನಗಳು! 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 'ಕಾರಣ ಕಾಣುತ್ತಿಲ್ಲ' ಎಂದರೆ ಯಾರ ಕಣ್ಣಿಗೆ? ಅದು ಪೂರ್ತಿ ಪೊಲೀಸರ ಮರ್ಜಿಗೆ ಬಿಟ್ಟ ಮಾತಾಯಿತು ಎಂಬುದೇ ದೋಷ. ನಮ್ಮ ಸುಪ್ರೀಂ ಕೋರ್ಟ್ ಕೂಡ 2015ರಲ್ಲಿ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡುವಾಗ ಪದಗಳ ಅಸ್ಪಷ್ಟತೆಯನ್ನೇ ದೊಡ್ಡ ದೋಷವೆಂದಿತ್ತು.

ನಿಮ್ಮನ್ನು ನಿಲ್ಲಿಸಿದರೆ

ಕೊನೆಗೆ, ಜೇಬಿನಲ್ಲಿಟ್ಟುಕೊಳ್ಳುವ ಕೆಲವು ಮಾತು.

ಒಂದು, ಮರ್ಯಾದೆಯಿಂದ ಉತ್ತರಿಸಿ. ಓಡಬೇಡಿ, ಜಗಳ ಬೇಡ. ಹೆಸರು, ಕೆಲಸದ ಜಾಗ, ಮನೆ ಹೇಳಿ. ರಾತ್ರಿ ಡ್ಯೂಟಿಯವರು ಹೋಟೆಲಿನ ಗುರುತಿನ ಚೀಟಿ ಇಟ್ಟುಕೊಂಡರೆ ಮಾತು ಬೇಗ ಮುಗಿಯುತ್ತದೆ. ಹೋಟೆಲ್ ಮಾಲೀಕರೇ, ನಿಮ್ಮ ಹುಡುಗರಿಗೆ ಒಂದು ಚೀಟಿ ಮಾಡಿಸಿಕೊಡಿ, ಖರ್ಚು ಹೆಚ್ಚಲ್ಲ.

ಎರಡು, ದಂಡ ಎಂದರೆ ಯಾವ ಕಾಯ್ದೆ, ಯಾವ ಕಲಂ ಎಂದು ಮೆಲ್ಲಗೆ ಕೇಳಿ. ದುಡ್ಡು ಕಟ್ಟುವ ಪ್ರಸಂಗ ಬಂದರೆ ರಸೀದಿ ಕೇಳಿ. ರಸೀದಿಯಿಲ್ಲದ್ದು ದಂಡವಲ್ಲ.

ಮೂರು, ಬಂಧಿಸಿದರೆ ಕಾರಣ ಹೇಳಲೇಬೇಕು. 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಬಂಧಿಸುವ ಪೊಲೀಸರು ಹೆಸರಿನ ಪಟ್ಟಿ ಕಾಣುವಂತೆ ಧರಿಸಿರಬೇಕು, ಬಂಧನದ ಪತ್ರ ಬರೆಯಬೇಕು, ನಿಮ್ಮವರೊಬ್ಬರಿಗೆ ತಿಳಿಸಬೇಕು.

ನಾಲ್ಕು, ಹೆಂಗಸರನ್ನು ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದು ಬಂಧಿಸಬೇಕು.

ಐದು, ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕಂಗಾಲಾಗಬೇಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ತುರ್ತಿಗೆ 112.

ಇದನ್ನು ಓದಬಲ್ಲವರು, ಓದಲಾಗದ ನಿಮ್ಮ ಪಕ್ಕದ ಹಾಸಿಗೆಯ ಗೆಳೆಯನಿಗೂ ಒಮ್ಮೆ ಓದಿ ಹೇಳಿ. ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಇಂಥ ನಿಯಮದ ಬೋರ್ಡು ಕಂಡರೆ ಅದರಲ್ಲಿ ಬರೆದದ್ದನ್ನು ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಂಚಿಕೊಳ್ಳೋಣ. ಅಲ್ಲಿಯವರೆಗೆ ಕೇಳ್ತಾ ಇರಿ, ಕನ್ನಡ ಮಾತಾಡ್ತಾ ಇರಿ.